ಮಾರ್ಪಡಿತ ಮೆಸೇಜಿಂಗ್ ಆ್ಯಪ್

ಮುಕ್ತ ತಂತ್ರಾಂಶದ ಮೆಸೇಜಿಂಗ್ ಆ್ಯಪ್‌ನ ಮೂಲ ಕೋಡ್ ತಿದ್ದಿ, ಜಾಹೀರಾತು ತೆಗೆದು ಅಥವಾ ಸೌಲಭ್ಯ ಸೇರಿಸಿ ಬೇರೆಯವರು ಹೊರತರುವ ಆವೃತ್ತಿ. ಜಿಪಿಎಲ್ ಪರವಾನಗಿ ಇದಕ್ಕೆ ಅವಕಾಶ ಕೊಡುತ್ತದೆ. ಹಂಚುವವರು ತಿದ್ದಿದ ಕೋಡನ್ನೂ ಒದಗಿಸಬೇಕು. ಕರ್ನಾಟಕದಲ್ಲಿ ಮುಕ್ತ ತಂತ್ರಾಂಶದ ಪ್ರಚಾರ ಮಾಡುವ ಸಂಘಟನೆಗಳಲ್ಲಿ ಬೆಂಗಳೂರಿನ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಒಂದು.

ಆ್ಯಪ್‌ಗೆ ಕೊಡುವ ಹಣ ಉಳಿಸಲು ಮಾರ್ಪಾಡೇ ಬೇಕೆಂದಿಲ್ಲ. 2014ರಲ್ಲಿ ಬಂದ 'ಕಾನ್ವರ್ಸೇಷನ್ಸ್' ಆ್ಯಪ್‌ಗೆ ಗೂಗಲ್ ಪ್ಲೇಯಲ್ಲಿ ಬೆಲೆಯಿತ್ತು, ಮುಕ್ತ ತಂತ್ರಾಂಶಗಳ ಆ್ಯಪ್ ಸಂಗ್ರಹವಾದ ಎಫ್-ಡ್ರಾಯ್ಡ್‌ನಲ್ಲಿ ಅದೇ ಆ್ಯಪ್ ಉಚಿತ.

ಟೆಲಿಗ್ರಾಂನ ಆ್ಯಪ್ ಕೋಡ್ ಮುಕ್ತ, ಸರ್ವರ್ ಕೋಡ್ ಅಲ್ಲ. 2021ರಲ್ಲಿ ಪ್ರಾಯೋಜಿತ ಸಂದೇಶಗಳೂ (ಜಾಹೀರಾತು) 2022ರ ಜೂನ್‌ನಲ್ಲಿ ಪ್ರೀಮಿಯಂ ಚಂದಾ ಕೂಡ ಬಂದವು. ತಿದ್ದಿದ ಆ್ಯಪ್ ಜಾಹೀರಾತನ್ನು ಮರೆಮಾಡಬಲ್ಲದು, ಆದರೆ ಅದು ಟೆಲಿಗ್ರಾಂ ಎಪಿಐ ನಿಯಮಕ್ಕೆ ವಿರುದ್ಧ. ಉಚಿತ ಬಳಕೆದಾರರ 2 ಜಿಬಿ ಕಡತ ಮಿತಿಯನ್ನು ಸರ್ವರೇ ಕಾಯುವುದರಿಂದ ಅದನ್ನು ಫೋನಿನಲ್ಲಿ ತಿದ್ದಿ ದಾಟಲಾಗದು.

ವಾಟ್ಸ್ಆ್ಯಪ್ ಮುಕ್ತ ತಂತ್ರಾಂಶವಲ್ಲ. ಅದರ ಮಾರ್ಪಡಿತ ಆವೃತ್ತಿಗಳಾದ ಜಿಬಿ ವಾಟ್ಸ್ಆ್ಯಪ್‌ನಂಥವು ಅನಧಿಕೃತ. ಬಳಸಿದವರ ಖಾತೆ ನಿಷೇಧಕ್ಕೆ ಒಳಗಾಗಬಹುದು. 2021ರಲ್ಲಿ ಇಂಥದ್ದೇ ಆದ ಎಫ್‌ಎಂ ವಾಟ್ಸ್ಆ್ಯಪ್‌ನ ಒಂದು ಆವೃತ್ತಿಯಲ್ಲಿ ಟ್ರಯಾಡಾ ಎಂಬ ಟ್ರೋಜನ್ (ಕುತಂತ್ರಾಂಶ) ಇದ್ದುದನ್ನು ಸೈಬರ್ ಭದ್ರತಾ ಸಂಸ್ಥೆ ಕ್ಯಾಸ್ಪರ್‌ಸ್ಕಿ ಪತ್ತೆಹಚ್ಚಿತು. ಗ್ರೂಪಿನಲ್ಲಿ ಯಾರೋ ಕಳಿಸಿದ ಎಪಿಕೆ (ಆಂಡ್ರಾಯ್ಡ್ ಆ್ಯಪ್) ಕಡತವನ್ನು ಇನ್‌ಸ್ಟಾಲ್ ಮಾಡದಿರುವುದೇ ಕ್ಷೇಮ. ಇಂಥ ಆ್ಯಪ್‌ನಿಂದ ವಂಚನೆಗೊಳಗಾಗಿ ಹಣ ಕಳೆದುಕೊಂಡರೆ 1930 ಸೈಬರ್ ಅಪರಾಧ ಸಹಾಯವಾಣಿಗೆ ದೂರು ನೀಡಬಹುದು.