ಒಂದು ಹಲ್ಲಿನ ಸ್ಥಾನಕ್ಕೆ ಇಂಪ್ಲಾಂಟ್: ತಿಳಿದಿರಬೇಕಾದುದು
ಕಳೆದುಹೋದ ಒಂದು ಹಲ್ಲಿನ ಸ್ಥಾನವನ್ನು ತುಂಬಲು ಬ್ರಿಡ್ಜ್ ಕಟ್ಟಿಸಿದರೆ ಸಾಮಾನ್ಯವಾಗಿ ಇಕ್ಕೆಲದ ಆರೋಗ್ಯವಂತ ಹಲ್ಲುಗಳನ್ನೂ ಅರೆಯಬೇಕಾಗುತ್ತದೆ. ಇಂಪ್ಲಾಂಟ್ ಅವುಗಳನ್ನು ಮುಟ್ಟುವುದಿಲ್ಲ. ಇದು ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು. ಅದರ ಮೇಲೆ ಜೋಡಣೆಯ ತುಂಡು, ಮೇಲ್ಗಡೆ ಹಲ್ಲಿನಾಕಾರದ ಕ್ಯಾಪ್.

ಟೈಟಾನಿಯಂ ಮೂಳೆಯೊಡನೆ ಬೆಸೆದುಕೊಳ್ಳುವುದನ್ನು ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೊನೆಮಾರ್ಕ್ 1950ರ ದಶಕದಲ್ಲಿ ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಅಳವಡಿಸಿದರು. ಈ ಬೆಸುಗೆಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಹಿಡಿಯುತ್ತದೆ. ಹಲ್ಲು ಹೋಗಿ ಬಹುಕಾಲವಾಗಿದ್ದರೆ ಮೂಳೆ ಕರಗಿ, ಮೊದಲು ಮೂಳೆ ಕಸಿ ಬೇಕಾಗಬಹುದು. ಹತೋಟಿ ತಪ್ಪಿದ ಮಧುಮೇಹ, ಧೂಮಪಾನ, ವಸಡಿನ ರೋಗಗಳು ವೈಫಲ್ಯದ ಅಪಾಯವನ್ನು ಹೆಚ್ಚಿಸುತ್ತವೆ. ಮೂಳೆಸವೆತಕ್ಕೆ ಔಷಧ ಸೇವಿಸುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಕೂರಿಸಿದ ಬಳಿಕವೂ ವಸಡಿನಂಚನ್ನು ದಿನವೂ ಶುಚಿಯಾಗಿಡದಿದ್ದರೆ ಸುತ್ತಲ ಮೂಳೆ ಸವೆಯುತ್ತದೆ.

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವವರಂತೆ, ಗಡಿ ದಾಟಿ ಚಿಕಿತ್ಸೆ ಪಡೆಯುವ ನಾವು ಮರೆಯಬಾರದ ಇನ್ನೊಂದು ಸಂಗತಿಯಿದೆ. ತಯಾರಕರ ಹೆಸರು, ಮಾದರಿ, ಅಳತೆ, ಬ್ಯಾಚ್ ಸಂಖ್ಯೆಗಳಿರುವ ದಾಖಲೆಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು. ಒಂದು ಕಂಪನಿಯ ತಿರುಪಿಗೆ ಇನ್ನೊಂದರ ಬಿಡಿಭಾಗ ಬಹುಮಟ್ಟಿಗೆ ಹೊಂದುವುದಿಲ್ಲ. ವರ್ಷಗಳ ಬಳಿಕ ಜೋಡಣೆ ಸಡಿಲಗೊಂಡರೆ, ನಮ್ಮೂರಿನ ವೈದ್ಯರೇ ಅದನ್ನು ಸರಿಪಡಿಸಲು ಆ ದಾಖಲೆಯೇ ಆಧಾರ.