ಚೆನ್ನಮ್ಮ ಎಂಬ ಹೆಸರು



ನಮ್ಮ ಅನಂತಪುರದ ಸುತ್ತಮುತ್ತ, ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳ ಕಡೆ, ಹಳೆಯ ಒಕ್ಕಲುತನದ ಮನೆಗಳಲ್ಲಿ ಎರಡು ಮೂರು ತಲೆಮಾರುಗಳ ಹಿಂದಿನ ಹೆಣ್ಣುಮಕ್ಕಳ ಹೆಸರುಗಳನ್ನು ಕೇಳಿದರೆ ಚೆನ್ನವ್ವ, ಗಂಗವ್ವ, ನೀಲವ್ವ, ಮಾಯವ್ವ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ಮೊದಲನೆಯದರ ಗತಿ ಮಾತ್ರ ವಿಚಿತ್ರವಾದುದು. ನಾಡಿನಲ್ಲಿ ಇಷ್ಟು ಗೌರವ ಪಡೆದ ಹೆಣ್ಣುಹೆಸರು ಇನ್ನೊಂದಿರಲಾರದು. ಆದರೂ ಅದನ್ನು ಇಂದು ಮಗಳಿಗೆ ಇಡುವವರು ತೀರ ವಿರಳ. ಈ ಹೆಸರಿನ ಅರ್ಥವೇನು, ಇದು ಎಲ್ಲಿಂದ ಬಂದಿತು, ಏಕೆ ಮರೆಯಾಗುತ್ತಿದೆ ಎಂಬುದನ್ನು ಇಂದು ವಿಚಾರಿಸೋಣ.

‘ಚೆನ್ನ’ ಎಂದರೆ ಚೆಲುವಾದುದು, ಸೊಗಸಾದುದು, ಒಳ್ಳೆಯದು. ಇದು ಸಂಸ್ಕೃತದಿಂದ ಬಂದ ಶಬ್ದವಲ್ಲ, ದ್ರಾವಿಡ ಮೂಲದ ಅಚ್ಚಗನ್ನಡ ನುಡಿ. ತೆಲುಗಿನಲ್ಲಿಯೂ ಇದರ ಬಂಧು ‘ಚೆನ್ನು’ ಸೌಂದರ್ಯವೆಂಬ ಅರ್ಥದಲ್ಲಿಯೇ ಇದೆ. ಬೆಂಗಳೂರು, ಮೈಸೂರುಗಳ ಕಡೆ ‘ಚೆನ್ನಾಗಿದೆ’ ಎಂಬುದು ದಿನಬಳಕೆಯ ಮಾತು. ನಮ್ಮ ಭಾಗದಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ಮಳೆಯಾದರೂ, ಬೆಳೆಯಾದರೂ, ಊಟವಾದರೂ ‘ಚಲೋ ಆತು’ ಎನ್ನುತ್ತೇವೆ. ಹೀಗಾಗಿ ಈ ಪ್ರಾಚೀನ ಶಬ್ದ ನಮ್ಮ ಆಡುಮಾತಿನಲ್ಲಿ ಉಳಿದಿರುವುದು ಹೆಚ್ಚಾಗಿ ಮನುಷ್ಯರ ಹೆಸರುಗಳಲ್ಲಿ: ಚೆನ್ನಪ್ಪ, ಚೆನ್ನಬಸಪ್ಪ, ಚೆನ್ನಮಲ್ಲಪ್ಪ, ಚೆನ್ನವೀರ, ಚೆನ್ನವ್ವ.

ಹೆಸರಿಗೆ ಈ ಶಬ್ದ ಅಂಟಿದ್ದು ಮೊದಲು ದೇವರ ದೆಸೆಯಿಂದ ಎಂದು ತೋರುತ್ತದೆ. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ಕೇಶವ ಇಂದು ಜನರ ಬಾಯಲ್ಲಿ ಚೆನ್ನಕೇಶವ. ಅದೇ 12ನೆಯ ಶತಮಾನದ ಅಕ್ಕಮಹಾದೇವಿಯ ವಚನಗಳ ಅಂಕಿತ ಚೆನ್ನಮಲ್ಲಿಕಾರ್ಜುನ. ಬಸವಣ್ಣನವರ ಸೋದರಳಿಯ, ಅಕ್ಕನಾಗಮ್ಮನ ಮಗ, ಚೆನ್ನಬಸವಣ್ಣ. ದೇವರಿಗೂ ಶರಣರಿಗೂ ಸಂದ ಈ ಚೆಲುವಿನ ವಿಶೇಷಣ ಭಕ್ತರ ಮಕ್ಕಳಿಗೆ ಇಳಿದುಬಂದಿತು. ಲಿಂಗಾಯತ ಮನೆಗಳಲ್ಲಿ ಇದು ಹೆಚ್ಚು ಪ್ರಚಾರದಲ್ಲಿದ್ದುದಕ್ಕೆ ಇದೇ ಕಾರಣ. ಕನ್ನಡದ ಹೆಣ್ಣುಮಕ್ಕಳಿಗೆ ಗೌರವಸೂಚಕವಾಗಿ ಸೇರುವ ‘ಅಮ್ಮ’ ನಮ್ಮಲ್ಲಿ ‘ಅವ್ವ’ ಆಗುತ್ತದೆ. ತೊಟ್ಟಿಲಲ್ಲಿರುವ ಕೂಸನ್ನೇ ‘ತಾಯಿ’ ಎಂದು ಕರೆಯುವ ಈ ಪದ್ಧತಿಯ ಅಂತಃಕರಣವನ್ನು ಗಮನಿಸಿರಿ.

ಅನೇಕರು ಈ ಹೆಸರು ಕಿತ್ತೂರಿನ ರಾಣಿಯಿಂದ ಬಂದಿತೆಂದು ತಿಳಿದಿದ್ದಾರೆ. ಸಂಗತಿ ಹಾಗಿಲ್ಲ. ರಾಣಿಗಿಂತ ಒಂದು ಶತಮಾನದಷ್ಟು ಮೊದಲೇ, 1671ರಿಂದ ಸುಮಾರು 25 ವರ್ಷ, ಕೆಳದಿಯ ರಾಜ್ಯವನ್ನು ಆಳಿದವಳು ಇನ್ನೊಬ್ಬ ಚೆನ್ನಮ್ಮ. ಆಕೆ ಅರಸುಮನೆತನದಲ್ಲಿ ಹುಟ್ಟಿದವಳಲ್ಲ, ವರ್ತಕನೊಬ್ಬನ ಮಗಳು. ಶಿವಾಜಿ ಮಹಾರಾಜರ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು 1689ರಲ್ಲಿ ಜಿಂಜಿಯ ಕಡೆ ಹೊರಟಾಗ, ಔರಂಗಜೇಬನ ಕೋಪಕ್ಕೆ ಅಂಜದೆ ಅವನಿಗೆ ಆಶ್ರಯವಿತ್ತು ದಾಟಿಸಿದವಳು ಈಕೆಯೇ. ಮರಾಠಿ ಮತ್ತು ಕನ್ನಡಗಳೆರಡೂ ಬೆರೆತಿರುವ ನಮ್ಮ ಗಡಿಭಾಗದ ಮಕ್ಕಳು ಈ ಸಂಗತಿಯನ್ನು ಮರೆಯಬಾರದು.

ಕಿತ್ತೂರಿನ ಚೆನ್ನಮ್ಮ 1778ರಲ್ಲಿ ಬೆಳಗಾವಿಯ ಬಳಿಯ ಕಾಕತಿಯಲ್ಲಿ, ದೇಸಾಯಿ ಮನೆತನದಲ್ಲಿ ಹುಟ್ಟಿದಳು. ಆ ಕೂಸಿಗೆ ಹೆಸರಿಟ್ಟವರು ಮುಂದಿನ ಇತಿಹಾಸವನ್ನು ಕಂಡಿರಲಿಲ್ಲ. ಸುತ್ತಲಿನ ಮನೆಗಳಲ್ಲಿ ರೂಢಿಯಲ್ಲಿದ್ದ ಹೆಸರನ್ನೇ ಇಟ್ಟರು. ಕಿತ್ತೂರಿನ ಮಲ್ಲಸರ್ಜನ ಕೈಹಿಡಿದ ಆಕೆ 1816ರಲ್ಲಿ ಗಂಡನನ್ನೂ, 1824ರಲ್ಲಿ ದೊರೆಯಾಗಿದ್ದ ಮಲಮಗ ಶಿವಲಿಂಗರುದ್ರಸರ್ಜನನ್ನೂ ಕಳೆದುಕೊಂಡಳು. ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅಂದರೆ ಹೆಸರು ರಾಣಿಗೆ ಕೀರ್ತಿಯನ್ನು ಕೊಡಲಿಲ್ಲ, ರಾಣಿಯೇ ಹೆಸರಿಗೆ ಕೀರ್ತಿಯನ್ನು ತಂದಳು. ಒಕ್ಕಲಗಿತ್ತಿಗೂ ಅರಸಿಗೂ ಒಂದೇ ಹೆಸರು ಸಲ್ಲುತ್ತಿದ್ದ ಕಾಲ ಅದು.

ನಮ್ಮ ಕಡೆ ಹೆಸರು ಉಳಿದು ಬಂದುದು ಪುಸ್ತಕದಿಂದಲ್ಲ, ತೊಟ್ಟಿಲಿನಿಂದ. ತೀರಿಹೋದ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ವಾಡಿಕೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರನ್ನು ಹೇಳುತ್ತಾಳೆ. ಆದರೆ ಸೊಸೆ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲವಾದ್ದರಿಂದ, ಹೆತ್ತ ಮಗಳನ್ನು ‘ಅಕ್ಕವ್ವ’, ‘ತಂಗೆವ್ವ’ ಎಂದು ಕರೆದು ಸುಧಾರಿಸುತ್ತಿದ್ದಳು. ಒಬ್ಬಳಿಗೆ ಮನೆಯಲ್ಲೊಂದು, ಶಾಲೆಯ ದಾಖಲೆಯಲ್ಲೊಂದು ಹೆಸರಿರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಹೀಗೆ ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತಿದ್ದ ಹೆಸರು ಒಂದು ತಲೆಮಾರಿನಲ್ಲಿ ನಿಂತರೆ ಮುಂದೆ ಅದಕ್ಕೆ ದಾರಿಯೇ ಇರುವುದಿಲ್ಲ.

ನಾನು ವೃತ್ತಿಗೆ ಸೇರಿದ ಹೊಸತರಲ್ಲಿ ಒಂದೇ ತರಗತಿಯಲ್ಲಿ ಇಬ್ಬರು ಚೆನ್ನವ್ವಗಳಿದ್ದರೆ ತಂದೆಯ ಹೆಸರು ಸೇರಿಸಿ ಹಾಜರಿ ಕೂಗಬೇಕಾಗುತ್ತಿತ್ತು. ನಿವೃತ್ತಿಯ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ‘ವ್ವ’ಕಾರಾಂತ ಹೆಸರುಗಳೇ ಕಾಣದಾಗಿದ್ದವು. ಮೊದಲು ಶಕುಂತಲಾ, ಸುನಂದಾ ಬಂದರು. ಆಮೇಲೆ ಸಿನಿಮಾದ ಹೆಸರುಗಳು. ಕೊನೆಗೆ ಎರಡಕ್ಷರದ ಹೆಸರುಗಳು. ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಕಿತ್ತೂರ ರಾಣಿಯ ಏಕಪಾತ್ರಾಭಿನಯ ಮಾಡಿ, ರಟ್ಟಿನ ಕತ್ತಿ ಹಿಡಿದು ಇಡೀ ಊರಿನಿಂದ ಚಪ್ಪಾಳೆ ಗಿಟ್ಟಿಸಿದ ಹುಡುಗಿಯೊಬ್ಬಳ ನಿಜವಾದ ಹೆಸರೂ ಚೆನ್ನವ್ವ. ಮರುವಾರ ಅವಳು ಮೆಲ್ಲಗೆ ಬಂದು, ‘ಸರ್, ಪರೀಕ್ಷೆಯ ಅರ್ಜಿಯೊಳಗ ನನ್ನ ಹೆಸರು ಚೇತನಾ ಅಂತ ಬರೀರಿ, ಚೆನ್ನವ್ವ ಅಂದ್ರ ಎಲ್ಲಾರೂ ನಗತಾರ’ ಎಂದಳು. ದಾಖಲೆಯ ಹೆಸರನ್ನು ಬದಲಿಸುವ ಅಧಿಕಾರ ಶಿಕ್ಷಕನಿಗಿಲ್ಲವೆಂದು ಹೇಳಿದೆ. ವೇದಿಕೆಯ ಮೇಲೆ ಅಭಿಮಾನ, ಕೆಳಗಿಳಿದರೆ ಸಂಕೋಚ: ಒಂದೇ ಹೆಸರಿಗೆ ಎರಡು ಬೆಲೆಯನ್ನು ಕಟ್ಟಿದವರು ಆ ಮಗುವಲ್ಲ, ನಾವು ಹಿರಿಯರು.

ಹೆಸರು ಹೊರಗೆ ಮಾತ್ರ ಬೆಳೆಯುತ್ತಲೇ ಇದೆ. 1961ರಲ್ಲಿ ಬಿ. ಆರ್. ಪಂತುಲು ಅವರ ಚಲನಚಿತ್ರದಲ್ಲಿ ಬಿ. ಸರೋಜಾದೇವಿಯವರು ರಾಣಿಯಾದರು. ಕಿತ್ತೂರಿನಲ್ಲಿ ರಾಣಿಯ ಹೆಸರಿನ ಬಾಲಕಿಯರ ಸೈನಿಕ ಶಾಲೆಯಿದೆ. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ನಿಂತಿತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2024ರಲ್ಲಿ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದ ಉತ್ಸವ ನಡೆಯಿತು. ಮಿರಜಿನ ಕಡೆಯಿಂದ ಕುಡಚಿ, ರಾಯಬಾಗಗಳ ಮೇಲೆ ಬೆಂಗಳೂರಿಗೆ ಹೋಗುವ ನಮ್ಮ ರೈಲಿಗೂ ಅದೇ ಹೆಸರು. ನಿಮ್ಮಲ್ಲಿ ಎಷ್ಟೋ ಜನ ನೌಕರಿಗೆಂದು ಮೊದಲ ಸಲ ಊರು ಬಿಟ್ಟದ್ದು ‘ಚೆನ್ನಮ್ಮ’ನನ್ನು ಹತ್ತಿಯೇ ಅಲ್ಲವೇ?

ಕಲ್ಲಿಗೂ ಕಟ್ಟಡಕ್ಕೂ ಇಟ್ಟ ಹೆಸರು ಗೌರವದ ಗುರುತು, ನಿಜ. ಆದರೆ ಹೆಸರೊಂದು ಬದುಕಿರುವುದು ಅದನ್ನು ಕೂಗಿದಾಗ ಯಾರಾದರೂ ‘ಓ’ ಎಂದು ಓಗೊಡುವವರೆಗೆ ಮಾತ್ರ. ಮಕ್ಕಳಿಗೆ ಯಾವ ಹೆಸರಿಡಬೇಕೆಂಬುದು ತಂದೆತಾಯಿಗಳ ಹಕ್ಕು. ಅದರಲ್ಲಿ ಈ ಮುದಿ ಮಾಸ್ತರನ ಒತ್ತಾಯವೇನೂ ಇಲ್ಲ. ಇಷ್ಟನ್ನು ಮಾತ್ರ ಮಾಡಿರಿ: ನಿಮ್ಮ ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ, ಅವುಗಳ ಅರ್ಥವನ್ನು ಮಕ್ಕಳಿಗೆ ತಿಳಿಸಿರಿ. ಅಲ್ಲಿ ಒಬ್ಬ ಚೆನ್ನವ್ವ ಸಿಕ್ಕರೆ, ‘ಹಳೆಯ ಕಾಲದ ಹೆಸರು’ ಎಂದು ನಕ್ಕು ಬಿಡಬೇಡಿರಿ. ಅರಮನೆಯಲ್ಲಿಯೂ ಹೊಲದ ಬದುವಿನ ಮೇಲೆಯೂ ಒಂದೇ ಬಗೆಯಾಗಿ ಶೋಭಿಸಿದ, ಚೆಲುವು ಮತ್ತು ತಾಯ್ತನ ಎರಡನ್ನೂ ಮೂರೇ ಅಕ್ಷರಗಳಲ್ಲಿ ಹಿಡಿದ ಹೆಸರದು.