ಬಾತುಕೋಳಿಯ ಬೇಟೆ: ಕೋವಿ, ನಾಯಿ ಮತ್ತು ನದಿಯ ನೀರು

ಬೇಟೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹುಲಿ, ಕಾಡುಹಂದಿ, ಜಿಂಕೆ. ಚಳಿಗಾಲದ ನಸುಕಿನಲ್ಲಿ ಕೆರೆಯ ಜೊಂಡಿನ ಮರೆಯಲ್ಲಿ ಕುಳಿತು, ಒಬ್ಬ ಗೆಳೆಯನನ್ನೂ ಒಂದು ನಾಯಿಯನ್ನೂ ಜೊತೆಗಿಟ್ಟುಕೊಂಡು ಮಾಡುತ್ತಿದ್ದ ಬಾತುಕೋಳಿ ಬೇಟೆಯ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಈ ಹವ್ಯಾಸ ಇಂದು ಕಾನೂನಿನ ಪ್ರಕಾರ ಮುಗಿದ ಅಧ್ಯಾಯ. ಆದರೆ ಕೋವಿ ಸುಮ್ಮನಾದ ಮೇಲಾದರೂ ಆ ಹಕ್ಕಿಗೆ ನೆಮ್ಮದಿ ಸಿಕ್ಕಿತೇ? ಈ ಪ್ರಶ್ನೆ ಮುಳಾ ನದಿಯ ದಂಡೆಯ ವಾಕಡದಲ್ಲಿ ಮನೆಮಾಡಿಕೊಂಡಿರುವ ನಮ್ಮಂಥವರಿಗೆ ನೇರವಾಗಿ ಸಂಬಂಧಿಸಿದ್ದು. ಅದಕ್ಕಾಗಿಯೇ ಈ ಲೇಖನ.

ಮೊದಲು ನಾಯಿಯ ವಿಚಾರ. ಬೇಟೆನಾಯಿಗೆ ಕನ್ನಡಿಗರು ಕೊಟ್ಟಷ್ಟು ಗೌರವವನ್ನು ಬೇರೆ ಯಾರಾದರೂ ಕೊಟ್ಟಿದ್ದಾರೆಯೇ ಎಂದು ಅನುಮಾನ ಬರುವಂಥ ಸಾಕ್ಷ್ಯವೊಂದು ನಮ್ಮಲ್ಲಿದೆ. ಅದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಇಮ್ಮಡಿ ಬೂತುಗ ಹೋರಾಡಿದ. ಚೋಳ ರಾಜಾದಿತ್ಯ ಮಡಿದ. ಬೂತುಗನ ಬಂಟ ಮಣಲೇರ ಅಲ್ಲಿ ತೋರಿದ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆಂದು ಒಡೆಯ ಹೇಳಿದಾಗ, ಆತ ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಸೆಣಸಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಚೆಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಲಾಯಿತು, ಅದರ ಪೂಜೆಗೆ ಭೂಮಿ ಬಿಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅನಂತರ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಮೃಗಬೇಟೆಗೆ, ಡೇಗೆಯ ಬೇಟೆಗೆ, ನಾಯಿಗಳ ವಿನೋದಕ್ಕೆ ಬೇರೆಬೇರೆ ಪ್ರಕರಣಗಳೇ ಇವೆ.

ಆದರೆ ನಮ್ಮ ನಾಡಿನ ನಾಯಿಗೂ ಬಾತುಕೋಳಿಯ ಬೇಟೆಗೂ ಅಷ್ಟಾಗಿ ಹೊಂದಿಕೆಯಿಲ್ಲ. ಮುಧೋಳದ ನಾಯಿ ಕಣ್ಣಿನಿಂದ ಗುರುತಿಸಿ ಬಯಲಿನಲ್ಲಿ ಓಡಿ ಹಿಡಿಯುವ ಜಾತಿ. ಮೊಲ ಬೆನ್ನಟ್ಟುವುದರಲ್ಲಿ ಅದನ್ನು ಮೀರಿಸುವ ನಾಯಿ ವಿರಳ. ಬಾತುಕೋಳಿಗೆ ಬೇಕಾದದ್ದು ಮೂಗು, ಈಜು ಮತ್ತು ತಾಳ್ಮೆ. ಗುಂಡು ತಗುಲಿದ ಹಕ್ಕಿ ನೀರಿನಲ್ಲಿ ಮುಳುಗಿ, ಜೊಂಡಿನ ಬುಡದಲ್ಲಿ ಕೊಕ್ಕಷ್ಟೇ ಹೊರಗಿಟ್ಟು ಅಡಗುತ್ತದೆ. ಮನುಷ್ಯನಿಗೆ ಅದು ಕಾಣುವುದಿಲ್ಲ. ತಣ್ಣನೆಯ ನೀರಿಗೆ ಹೆದರದೆ ಧುಮುಕಿ, ಹಲ್ಲು ಊರದೆ ಮೆಲ್ಲಗೆ ಕಚ್ಚಿ ತರುವ ನಾಯಿ ಬೇಕು. ಸ್ಪ್ಯಾನಿಯಲ್, ಲ್ಯಾಬ್ರಡಾರ್ ಮುಂತಾದ ಜಾತಿಗಳನ್ನು ಬ್ರಿಟಿಷರು ಈ ಕೆಲಸಕ್ಕೆಂದೇ ಪಳಗಿಸಿದ್ದರು. ನಾಯಿಯಿಲ್ಲದ ಬೇಟೆಯಲ್ಲಿ ಎಷ್ಟೋ ಹಕ್ಕಿಗಳು ಗಾಯಗೊಂಡು ವ್ಯರ್ಥವಾಗಿ ಸಾಯುತ್ತಿದ್ದವು.

ಇನ್ನು ಗೆಳೆಯನ ಮಾತು. ಒಂಟಿ ಬೇಟೆಗಾರ ಕೆರೆಯ ಒಂದು ಬದಿಯಲ್ಲಿ ಗುಂಡು ಹಾರಿಸಿದರೆ ಹಕ್ಕಿಗಳೆಲ್ಲ ಎದ್ದು ಎದುರು ದಂಡೆಯಲ್ಲಿ ಇಳಿದುಬಿಡುತ್ತವೆ. ಆ ದಂಡೆಯಲ್ಲಿ ಇನ್ನೊಬ್ಬನಿದ್ದರೆ ಹಿಂಡು ಇಬ್ಬರ ನಡುವೆ ಸುತ್ತುಹೊಡೆಯುತ್ತದೆ. ಆದ್ದರಿಂದ ಜೊತೆಗಾರ ಕೇವಲ ಮಾತಿಗಲ್ಲ, ಬೇಟೆಯ ಲೆಕ್ಕಾಚಾರಕ್ಕೇ ಬೇಕಾದವನು. ಪುಣೆ ಮತ್ತು ಖಡಕಿ ದಂಡುಗಳಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಚಳಿಗಾಲದ ರಜೆಯೆಂದರೆ ಇದೇ ಸಂಭ್ರಮ. ಸೈಬೀರಿಯ, ಮಧ್ಯ ಏಷ್ಯ, ಟಿಬೆಟ್ ಕಡೆಯಿಂದ ಅಕ್ಟೋಬರ್–ನವೆಂಬರಿನಲ್ಲಿ ಇಳಿದುಬರುವ ಸೂಜಿಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಬಾತು, ನಮ್ಮ ಕವಿಗಳು ಹಾಡಿದ ಚಕ್ರವಾಕ ಇವೆಲ್ಲ ದಖ್ಖನ್ನಿನ ಕೆರೆಗಳಲ್ಲಿ ತಂಗಿ ಮಾರ್ಚಿನಲ್ಲಿ ಮರಳುತ್ತವೆ. ಈ ಬೇಟೆಹಕ್ಕಿಗಳ ಬಗ್ಗೆ 1879ರಿಂದ 1881ರವರೆಗೆ ಮೂರು ಸಂಪುಟಗಳ ಗ್ರಂಥ ಹೊರತಂದ ಇಬ್ಬರಲ್ಲಿ ಒಬ್ಬರು ಎ. ಒ. ಹ್ಯೂಮ್. 1885ರಲ್ಲಿ ಕಾಂಗ್ರೆಸ್ಸನ್ನು ಹುಟ್ಟುಹಾಕಿದವರಲ್ಲಿ ಪ್ರಮುಖರಾದ ಹ್ಯೂಮ್ ಇವರೇ! ಆ ಮೊದಲ ಅಧಿವೇಶನ ನಡೆಯಬೇಕಾಗಿದ್ದುದು ಪುಣೆಯಲ್ಲಿ. ಕಾಲರಾ ಹರಡಿದ್ದರಿಂದ ಮುಂಬಯಿಗೆ ವರ್ಗವಾಯಿತು.

ಹವ್ಯಾಸ ಮಿತಿ ಮೀರಿದ್ದಕ್ಕೆ ಭರತಪುರವೇ ನಿದರ್ಶನ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ಸಮಕ್ಷಮದಲ್ಲಿ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದುರುಳಿಸಲಾಯಿತು. ಸತ್ತದ್ದು ಗುಂಡು ತಗುಲಿದ ಹಕ್ಕಿಗಳಷ್ಟೇ ಅಲ್ಲ. ಗುರಿ ತಪ್ಪಿದ ಸೀಸದ ಚರೆಗಳು ಕೆರೆಯ ತಳ ಸೇರುತ್ತವೆ. ಕಾಳು ಅರೆಯಲು ಮರಳಿನ ಹರಳು ನುಂಗುವ ಬಾತುಗಳು ಅದನ್ನೂ ನುಂಗಿ, ಸೀಸದ ವಿಷವೇರಿ ನಿಧಾನವಾಗಿ ಸಾಯುತ್ತವೆ. ಈ ಕಾರಣದಿಂದಲೇ ಅಮೆರಿಕ 1991ರಲ್ಲಿ ನೀರುಹಕ್ಕಿಯ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿತು.

ಇದೇ ಕೆರೆಗಳಲ್ಲಿ ಬೇರೆ ಬೇಟೆಗಾರರೂ ಇದ್ದರು. ನಮ್ಮ ಕಡೆಯ ಹಕ್ಕಿಪಿಕ್ಕಿಗಳು, ಮಹಾರಾಷ್ಟ್ರದ ಫಾಸೆ ಪಾರಧಿಗಳು ಉರುಲು, ಬಲೆಗಳಿಂದ ಹಕ್ಕಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದರು. ತಲೆಗೆ ಮಡಕೆ ಕವುಚಿಕೊಂಡು ಕತ್ತಿನವರೆಗೆ ನೀರಿಗಿಳಿದು, ಬಾತಿನ ಕಾಲನ್ನು ಕೆಳಗಿನಿಂದ ಎಳೆದುಕೊಳ್ಳುವ ಉಪಾಯವೂ ನಮ್ಮ ದೇಶದಲ್ಲಿ ಬಳಕೆಯಲ್ಲಿತ್ತು. ಬೇಟೆ ನಿಂತಾಗ ಸಾಹೇಬರ ಪಾಲಿಗೆ ಹೋದದ್ದು ರಜೆಯ ಮನರಂಜನೆ. ಇವರ ಪಾಲಿಗೆ ಹೋದದ್ದು ಊಟ. ಇತಿಹಾಸ ಬರೆಯುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಕಚೇರಿಯಲ್ಲಿ ದಿನವೂ ನಿಯಮ, ತಿದ್ದುಪಡಿಗಳ ಕಡತ ತಿರುವುವ ನನಗೆ ಕಾನೂನಿನ ಹಂತಗಳೂ ಕುತೂಹಲಕರ. 1912ರ ಕೇಂದ್ರ ಕಾಯಿದೆ ಬೇಟೆಗೆ ನಿಷಿದ್ಧ ಕಾಲವನ್ನು ನಿಗದಿಪಡಿಸಲು ಅವಕಾಶ ಕೊಟ್ಟಿತು. ಮುಂಬಯಿ ರಾಜ್ಯ 1951ರಲ್ಲಿ ತನ್ನದೇ ಕಾಯಿದೆ ತಂದಿತು. ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಲೇ ನಿಂತಿತೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಆಗ ಬಾತುಕೋಳಿಯನ್ನು ನಾಲ್ಕನೆಯ ಅನುಸೂಚಿಯಲ್ಲಿ ಸಣ್ಣ ಬೇಟೆ ಎಂದು ಸೇರಿಸಿ, ಲೈಸೆನ್ಸ್ ಪಡೆದು ಹೊಡೆಯಲು ಅವಕಾಶವಿರಿಸಿದ್ದರು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿಯಿಂದ. ಕಾನೂನಿಗಿಂತ ಮುಂಚೆಯೇ ಮನಸ್ಸು ಬದಲಾಯಿಸಿದವರೂ ಇದ್ದರು. ಬಾಲ್ಯದಲ್ಲಿ ಗಾಳಿಕೋವಿಯಿಂದ ಗುಬ್ಬಿ ಹೊಡೆದ ಸಲೀಂ ಅಲಿಯವರು ದೇಶದ ಶ್ರೇಷ್ಠ ಪಕ್ಷಿತಜ್ಞರಾದರು. ಅವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಸಾರಿತು. ಪಟ್ಟೆತಲೆ ಹೆಬ್ಬಾತುಗಳು ತಂಗುವ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿ ಸೇರಿತು.

ಇಷ್ಟಾದ ಮೇಲೆ ಹಕ್ಕಿಗಳು ಸುಖವಾಗಿವೆ ಎನ್ನಬೇಕಲ್ಲವೇ? ಇಲ್ಲಿ ನಮ್ಮ ನದಿಯ ದಾರಿಯನ್ನು ಸ್ವಲ್ಪ ಹಿಂಬಾಲಿಸೋಣ. ವಾಕಡದ ಪಕ್ಕದ ಮುಳಾ ನದಿ ದಾಪೋಡಿಯಲ್ಲಿ ಪವನೆಯನ್ನೂ ಪುಣೆಯ ಸಂಗಮದಲ್ಲಿ ಮುಠೆಯನ್ನೂ ಕೂಡಿಕೊಂಡು ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯದಲ್ಲಿ ನಿಂತು, ಪಂಢರಪುರ ದಾಟಿ, ವಿಜಯಪುರ–ಕಲಬುರಗಿ ಜಿಲ್ಲೆಗಳಿಗೆ ಬರುತ್ತದೆ. ಗಾಣಗಾಪುರದ ಸಂಗಮದಲ್ಲಿ ನಾವು ಮೀಯುವುದು ಈ ನೀರಿನಲ್ಲೇ. ದಾರಿಯಲ್ಲಿರುವ ಭಿಗವಣದ ಹಿನ್ನೀರಿನಲ್ಲಿ ಪ್ರತಿ ಚಳಿಗಾಲ ಬಾತು, ಹೆಬ್ಬಾತು, ರಾಜಹಂಸಗಳು ನೆರೆಯುತ್ತವೆ. ಪುಣೆ ಮತ್ತು ಪಿಂಪ್ರಿ–ಚಿಂಚವಾಡಗಳ ಕೊಳಚೆ ಪೂರ್ತಿ ಶುದ್ಧಿಯಾಗದೆ ಇದೇ ದಾರಿಯಲ್ಲಿ ಹರಿದು ಅಲ್ಲಿಗೂ ಮುಟ್ಟುತ್ತದೆ. ಇಲ್ಲಿಯವರು ಜಲಪರ್ಣಿ ಎನ್ನುವ ಅಂತರಗಂಗೆ ನದಿಯನ್ನು ಮುಚ್ಚಿದಾಗ ಕೆಳಗಿನ ನೀರಿನಲ್ಲಿ ಆಮ್ಲಜನಕ ಕುಗ್ಗುತ್ತದೆ. ಮೀನೂ ಇಲ್ಲ, ಹಕ್ಕಿ ಇಳಿಯಲು ತೆರೆದ ನೀರೂ ಇಲ್ಲ. ಕೊಳಚೆಗೆ ಒಗ್ಗಿಕೊಳ್ಳುವ ಕೆಲವು ಹಕ್ಕಿಗಳು ಕಾಣಿಸಿಕೊಂಡ ಮಾತ್ರಕ್ಕೆ ನದಿ ಆರೋಗ್ಯವಾಗಿದೆ ಎನ್ನಲಾಗದು.

ಕೋವಿಯ ಬೇಟೆಗೆ ಋತುವಿತ್ತು, ಲೈಸೆನ್ಸಿತ್ತು, ಹೊಡೆದವನು ಯಾರೆಂದು ತಿಳಿಯುತ್ತಿತ್ತು. ಮೋರಿಯ ಮೂಲಕ ನಡೆಯುವ ಈ ಬೇಟೆಗೆ ಇದಾವುದೂ ಇಲ್ಲ. ಇದರಲ್ಲಿ ನಾವೆಲ್ಲ ಪಾಲುದಾರರು. ನಮ್ಮ ಹೌಸಿಂಗ್ ಸೊಸೈಟಿಯ ಕೊಳಚೆ ಶುದ್ಧೀಕರಣ ಯಂತ್ರ ನಿಜವಾಗಿಯೂ ನಡೆಯುತ್ತಿದೆಯೇ ಎಂದು ವಾರ್ಷಿಕ ಸಭೆಯಲ್ಲಿ ಕೇಳುವುದು ಪ್ರತಿಯೊಬ್ಬರಿಂದಲೂ ಆಗುವ ಕೆಲಸ. ಸೊಲ್ಲಾಪುರದ ಮಾರ್ಗವಾಗಿ ಊರಿಗೆ ಹೋಗುವ ಬಂಧುಗಳು ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ ಭಿಗವಣದಲ್ಲಿ ಎರಡು ಗಂಟೆ ಇಳಿದು ಮಕ್ಕಳಿಗೆ ಆ ಹಿಂಡುಗಳನ್ನು ತೋರಿಸಲಿ. ನಾಯಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು, ಗೆಳೆಯರನ್ನು ಅವಶ್ಯವಾಗಿ ಕರೆದುಕೊಂಡು ಹೋಗಿರಿ.